ಎಂಟು ಗುಂಡುಸೂಜಿ

ಹೋದ ತಿಂಗಳು ಹಾಸನದ ನಮ್ಮ ಬೀದಿಯ ಎದುರು ಮನೆಗೆ ಹೊಸದಾಗಿ ಬಂದಿರುವ ಹುಡುಗಿಯೊಬ್ಬಳು ಮಧ್ಯಾಹ್ನದ ಹೊತ್ತು ಬಟ್ಟೆಯ ಗಂಟು ಹೊತ್ತುಕೊಂಡು ಬಂದಳು. ಅತ್ತೆಯ ಹಳೆಯ ಸೀರೆಗಳನ್ನೆಲ್ಲ ಚೌಕ ಚೌಕವಾಗಿ ಕತ್ತರಿಸಿಟ್ಟುಕೊಂಡಿದ್ದಳು. ಕೌದಿ ಹೊಲಿಯುತ್ತಾಳಂತೆ.

“ಆಂಟಿ, ನೀವು ಹೊಲಿಗೆ ಟೀಚರ್ ಆಗಿದ್ರಂತಲ್ಲ. ತುಂಡು ಜೋಡಿಸೋವಾಗ ಪಿನ್ ಚುಚ್ಚಿಕೊಳ್ಬೇಕಾ, ಹಾಗೇ ಹೊಲಿಬೋದಾ?” ಎಂದು ಕೇಳಿ ಒಂದು ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಬಣ್ಣಬಣ್ಣದ ತಲೆಯ ಗುಂಡುಸೂಜಿಗಳು. ನನಗೆ ಬಾಯಲ್ಲಿ ಹುಳಿನೀರು ಬಂತು.

“ಚುಚ್ಚಬೇಡ,” ಅಂದೆ.

“ಬಟ್ಟೆ ಜರುಗಲ್ವಾ?”

“ಜರುಗಿದ್ರೆ ಜರುಗ್ಲಿ.”

ಅವಳು ಮುಖ ಸಣ್ಣದು ಮಾಡಿಕೊಂಡು ಹೋದಳು. ಮೂವತ್ತು ವರ್ಷ ಹೊಲಿಗೆ ಹೇಳಿಕೊಟ್ಟವಳು ಇಷ್ಟು ಒರಟಾಗಿ ಉತ್ತರ ಕೊಟ್ಟರೆ ಯಾರಿಗೆ ತಾನೇ ಬೇಜಾರಾಗುವುದಿಲ್ಲ. ಆದರೆ ಸರಿಯಾದ ಉತ್ತರ ಕೊಡಬೇಕಾದರೆ ನಾನು ಐವತ್ತೊಂಬತ್ತನೇ ಇಸವಿಯ ಹೊಳೆನರಸೀಪುರದ ಮಳೆಗಾಲವನ್ನು ಪೂರ್ತಿ ಅವಳ ಮುಂದೆ ಸುರಿಯಬೇಕಾಗಿತ್ತು. ಅದನ್ನು ಇಲ್ಲಿಯವರೆಗೆ ನಾನು ಯಾರ ಮುಂದೆಯೂ ಸುರಿದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಹುಟ್ಟಿನಿಂದಲೂ ಹೇಸಿಗೆ ಜಾಸ್ತಿ. ಹಾಲಿನ ಕೆನೆ ತುಟಿಗೆ ತಗುಲಿದರೆ ಆ ದಿನ ಊಟ ಸೇರುತ್ತಿರಲಿಲ್ಲ. ಪಕ್ಕದವರು ಸೊರ್ರೆಂದು ಸಾರು ಹೀರಿದರೆ ನಾನು ಎಲೆ ಬಿಟ್ಟು ಏಳುತ್ತಿದ್ದೆ. ಅದರ ಮೇಲೆ ಮನೆಯಲ್ಲಿ ಅಮ್ಮನ ಮಡಿ. ಬೆಂದ ಅನ್ನದ ಅಗುಳು ಸೋಕಿದ್ದೆಲ್ಲ ಮುಸುರೆ. ಮುಸುರೆ ಮುಟ್ಟಿದ ಕೈಯನ್ನು ತೊಳೆಯದೆ ಇನ್ನೊಂದನ್ನು ಮುಟ್ಟುವ ಹಾಗಿರಲಿಲ್ಲ. ಅಮ್ಮನಿಗೆ ಅದು ನಡೆದುಕೊಂಡು ಬಂದ ಪದ್ಧತಿ ಅಷ್ಟೆ, ಕೈ ತೊಳೆದರೆ ಮುಗಿಯಿತು. ನನಗೆ ಹೊಟ್ಟೆಯ ಒಳಗಿನಿಂದಲೇ ಬರುತ್ತಿತ್ತು. “ಇವಳು ಹೀಗಾದರೆ ಯಾವ ಮನೆ ಸೇರಿ ಬಾಳ್ತಾಳೋ” ಎಂದು ಅಮ್ಮ ಗೊಣಗುತ್ತಿದ್ದಳು, ಒಳಗೊಳಗೇ ಹೆಮ್ಮೆಯೂ ಪಡುತ್ತಿದ್ದಳು. ಅಸಹ್ಯಪಡುವುದು ಶುದ್ಧವಾಗಿರುವುದರ ಗುರುತು ಎಂದು ನಾವಿಬ್ಬರೂ ನಂಬಿದ್ದೆವು.

ಆಗ ನನಗೆ ಹದಿನೆಂಟು. ಹಾಸನದಲ್ಲಿ ಆರು ತಿಂಗಳ ಹೊಲಿಗೆ ತರಬೇತಿ ಮುಗಿಸಿ ಊರಿಗೆ ಬಂದಿದ್ದೆ. ಅಲ್ಲಿಯ ಟೀಚರ್ ಪಿನ್ ಚುಚ್ಚದೆ ಎರಡು ಬಟ್ಟೆ ಜೋಡಿಸಿದವರ ಬೆರಳಿಗೆ ಅಡಿಕೋಲಿನಿಂದ ಬಾರಿಸುತ್ತಿದ್ದರು. ಬರುವಾಗ ಒಂದು ಹಾಳೆ ಗುಂಡುಸೂಜಿ ತಂದಿದ್ದೆ. ನೀಲಿ ಕಾಗದದ ಮೇಲೆ ಹತ್ತು ಹತ್ತರ ಸಾಲಾಗಿ ಚುಚ್ಚಿಟ್ಟ, ಕನ್ನಡಿಯಂತೆ ಹೊಳೆಯುವ ಸೂಜಿಗಳು. ಅದನ್ನು ಮಡಿಸಿ ಟ್ರಂಕಿನಲ್ಲಿ ಸೀರೆಯ ಕೆಳಗಿಟ್ಟಿದ್ದೆ. ಅರಕಲಗೂಡಿನ ಶಾಲೆಯೊಂದರಲ್ಲಿ ಹೊಲಿಗೆ ಟೀಚರ್ ಕೆಲಸ ಖಾಲಿಯಾಗುತ್ತದೆ ಎಂದು ಯಾರೋ ಹೇಳಿದ್ದರು. ಆಗಲೇ ಟೀಚರ್ ಆಗಿಬಿಟ್ಟವಳ ಹಾಗೆ ಮನೆಯಲ್ಲಿ ಎಲ್ಲರ ರವಿಕೆ ಹೊಲಿಗೆಗೂ ತಪ್ಪು ಹೇಳುತ್ತಿದ್ದೆ.

ಆ ವರ್ಷ ಜ್ಯೇಷ್ಠದಲ್ಲಿ ಹಿಡಿದ ಮಳೆ ಬಿಡಲಿಲ್ಲ. ಗೊರೂರಿನಲ್ಲಿ ಆಗಿನ್ನೂ ಅಣೆಕಟ್ಟು ಇರಲಿಲ್ಲ. ಮೇಲೆ ಮಳೆಯಾದರೆ ಹೇಮಾವತಿ ಕೆಂಪಗೆ ಉಬ್ಬಿಕೊಂಡು ಬಂದು ಸೋಪಾನಗಳನ್ನು ಒಂದೊಂದಾಗಿ ಮುಳುಗಿಸುತ್ತಿತ್ತು. ಕೋಟೆ ಬೀದಿಯ ನಮ್ಮ ಮನೆಯಲ್ಲಿ ಬಟ್ಟೆ ಒಣಗುವುದೇ ನಿಂತುಹೋಯಿತು. ಹಗ್ಗದ ಮೇಲೆ ಮೂರು ದಿನ ನೇತಾಡಿದ ಸೀರೆಯನ್ನು ಉಟ್ಟುಕೊಂಡರೆ ಒದ್ದೆ ನಾಯಿಯ ವಾಸನೆ. ಗೋಡೆಯ ಬುಡದಲ್ಲಿ ಬೂಷ್ಟು, ಉಪ್ಪಿನಕಾಯಿ ಜಾಡಿಯ ಮೇಲೆ ಬೂಷ್ಟು. ನಾನು ದಿನವಿಡೀ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದೆ.

ಅಂಥದರಲ್ಲಿ ನನ್ನ ಅಕ್ಕ ಕಮಲ ಬಾಣಂತನಕ್ಕೆ ತವರಿಗೆ ಬಂದಳು. ಅವಳನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟಿತ್ತು. ಹಿಂದಿನ ವರ್ಷ ಅವಳ ಚೊಚ್ಚಲ ಮಗು ಹುಟ್ಟಿದ ಒಂಬತ್ತನೇ ದಿನಕ್ಕೆ ಹೋಗಿತ್ತು. ಆಮೇಲೆ ಅಕ್ಕ ಜೋರಾಗಿ ನಕ್ಕಿದ್ದನ್ನು ನಾನು ನೋಡಲಿಲ್ಲ. ಅವಳ ಅತ್ತೆ ರಾಜಮ್ಮನವರು ಅವಳನ್ನು ಬಿಟ್ಟುಹೋಗಲು ಬಂದಾಗ, “ಈ ಸಲ ಹಸಿಕೂಸಿನ ಮೈಗೆ ಹೊಸ ಬಟ್ಟೆ ಸೋಕಬಾರದು. ಮಕ್ಕಳು ಗಟ್ಟಿಮುಟ್ಟಾಗಿರೋ ಏಳು ಮನೆಯಿಂದ ಹಳೆ ಸೀರೆ ಬೇಡಿ ತಂದು ಕೌದಿ ಹೊಲಿಸಿ,” ಎಂದು ಅಮ್ಮನಿಗೆ ಕಟ್ಟಪ್ಪಣೆ ಮಾಡಿಹೋದರು. ಬದುಕಿ ಉಳಿದ ಮಕ್ಕಳ ಮನೆಯ ಬಟ್ಟೆಯ ಮೇಲೆ ಮಲಗಿದರೆ ಮಗು ಉಳಿಯುತ್ತದೆ ಎಂಬುದು ನಮ್ಮ ಕಡೆ ಎಲ್ಲರೂ ನಡೆಸುವ ಪದ್ಧತಿ.

ಏಳು ಮನೆ ಸುತ್ತುವ ಕೆಲಸ ನನ್ನ ತಲೆಗೆ ಬಂತು. ಒಂದು ಸೀರೆಗೆ ಹರಳೆಣ್ಣೆಯ ಕಮಟು, ಇನ್ನೊಂದಕ್ಕೆ ಮಗು ಕಕ್ಕಿದ ಹಾಲಿನ ಕರೆ, ಮತ್ತೊಂದಕ್ಕೆ ಯಾವುದೋ ಕಾಲದ ಬೆವರು. ಎರಡು ಬೆರಳಿನಲ್ಲಿ ಹಿಡಿದುಕೊಂಡು ಬಂದು ಹಿತ್ತಲಿನ ಕಲ್ಲಿನ ಮೇಲೆ ಎಸೆದು ಮೂರು ಸಲ ಸೀಗೆ ನೀರಿನಲ್ಲಿ ಒಗೆದೆ. ಅಕ್ಕ ಬಾಗಿಲ ಹತ್ತಿರ ಕೂತು ನೋಡುತ್ತಿದ್ದವಳು, “ಹಾಗೆಲ್ಲ ಕುಕ್ಕಬೇಡವೇ, ಅದರಲ್ಲಿರೋದೆಲ್ಲ ಹೋಗಿಬಿಡುತ್ತೆ,” ಅಂದಳು. ಅವಳಿಗೆ ಬೇಕಾಗಿದ್ದೇ ಆ ವಾಸನೆ.

ಕೌದಿ ಹೊಲಿಯುವುದೆಂದರೆ ಊರಿಗೆಲ್ಲ ನಿಂಗಮ್ಮನೇ. ಹೊಳೆಯ ಕಡೆಯ ಓಣಿಯಲ್ಲಿದ್ದ ಮುದುಕಿ. ಗಂಡ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಒಬ್ಬಳೇ ಮಗಳನ್ನು ಮೊಸಳೆ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದ್ದಳು. ಅವಳು ಹೊಲಿದ ಕೌದಿಯ ಮೇಲೆ ಮಲಗಿದ ಮಗು ಒಂದೂ ಹೋಗಿಲ್ಲ, ಅವಳ ಕೈಗುಣ ಅಂಥದ್ದು ಎಂದು ಕೋಟೆ ಬೀದಿಯಿಂದ ಪೇಟೆಯವರೆಗೆ ಹೇಳುತ್ತಿದ್ದರು. ಬಸುರಿಯರಿರುವ ಮನೆಯಿಂದ ಅವಳಿಗೆ ಕರೆ ಬಂದೇ ಬರುತ್ತಿತ್ತು. ಆ ಕೈಗುಣವೇ ಅವಳ ಅನ್ನ, ಆ ಕೈಗುಣವೇ ಅವಳಿಗೆ ಊರಿನಲ್ಲಿದ್ದ ಮರ್ಯಾದೆ.

ಅವಳು ನಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತಳು. ಬಾಯಲ್ಲಿ ಎಲೆಯಡಿಕೆ ಕಡ್ಡಿಪುಡಿ. ಒಂದು ಕಣ್ಣಿಗೆ ಪೊರೆ ಬಂದಿತ್ತು, ಇನ್ನೊಂದೂ ಅಷ್ಟಕ್ಕಷ್ಟೆ. ಅದಕ್ಕೇ ತುಂಡು ಜೋಡಿಸಿಕೊಡಲು, ಸೂಜಿಗೆ ದಾರ ಪೋಣಿಸಲು ಒಬ್ಬರು ಬೇಕು. ಆ ಒಬ್ಬಳು ನಾನು. ಪಕ್ಕದಲ್ಲಿ ಕರಟದ ತುಂಬ ರಾಗಿ ಗಂಜಿ, ಮೂರು ದಿನದ ಹಿಂದೆ ಕಾಸಿದ್ದು. ಮೇಲೆ ನೊರೆ, ಅಂಚಿನಲ್ಲಿ ನೊಣ. ನಿಂಗಮ್ಮ ಅದರಲ್ಲಿ ಎರಡು ಬೆರಳು ಅದ್ದಿ ತುಂಡಿನ ಅಂಚಿಗೆ ಸವರಿ, ಕೆಳಗಿನ ಸೀರೆಯ ಮೇಲೆ ಇಟ್ಟು, ಮುಷ್ಟಿಯಿಂದ ಗುದ್ದಿದಳು. ತುಂಡು ಅಲ್ಲಿಗೇ ಕಚ್ಚಿಕೊಂಡಿತು.

“ಇಂಗೆ ಅಂಟ್ಸಿ ಅಂಟ್ಸಿ ಕೊಡ್ತಾ ಓಗು ಅಮ್ಮಣ್ಣಿ. ನಾ ಒಲ್ಕೊಂಡು ಬತ್ತೀನಿ,” ಅಂದಳು.

ಆ ಹುಳಿವಾಸನೆ ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಹಳಸಿದ್ದು, ಬೇಯಿಸಿದ್ದು, ಇನ್ನೊಬ್ಬರು ಬೆರಳು ಅದ್ದಿದ್ದು. ನಾನು ಒಳಗೆ ಓಡಿ ಟ್ರಂಕಿನಿಂದ ನೀಲಿ ಕಾಗದ ತಂದೆ.

“ನಿಂಗಮ್ಮ, ಈಗೆಲ್ಲ ಯಾರೂ ಗಂಜಿ ಹಚ್ಚಲ್ಲ. ಹೀಗೆ ಪಿನ್ ಚುಚ್ಚಿದ್ರೆ ಒಂಚೂರೂ ಜರುಗಲ್ಲ, ನೋಡು.”

ಅವಳು ಒಂದು ಸೂಜಿ ಕೈಗೆ ತೆಗೆದುಕೊಂಡು ಹೆಬ್ಬೆರಳಲ್ಲಿ ಅದರ ಮೊನೆ ತಡವಿ ವಾಪಸು ಕೊಟ್ಟಳು. “ಬ್ಯಾಡ ಕಣವ್ವ. ಕೂಸಿನ ಕೌದಿಗೆ ಇದ್ನ ತೋರುಸ್ಬ್ಯಾಡ. ಗಂಜಿ ಒಳೇಲಿ ಒಂದ್ಸಲ ಅಲುಬುದ್ರೆ ಓಯ್ತದೆ. ಕಬ್ಣ ಓಯ್ತದಾ?”

“ತೆಗೀತೀವಲ್ಲ.”

“ತಗ್ಯೋದ ಮರುತ್ರೆ?”

ನಾನು ಹಾಸನದಲ್ಲಿ ಕಲಿತುಬಂದವಳು, ಮರೆಯುತ್ತೇನೆಯೇ? ಅಮ್ಮನನ್ನು ಕರೆದೆ. ಗಂಜಿ ಮುಸುರೆ ಅಲ್ಲವೇ ಎಂದು ಅವಳದೇ ಮಾತನ್ನು ಅವಳ ಮುಂದಿಟ್ಟೆ. ಅಮ್ಮ ಬಾಗಿಲಲ್ಲಿ ನಿಂತು ಯೋಚಿಸಿ, “ಆಮೇಲೆ ಹೊಳೇಲಿ ಒಗೀತಾಳಲ್ಲ, ದೋಷವಿಲ್ಲ. ಅವಳು ಹೇಳಿದ ಹಾಗೆ ಮಾಡು,” ಎಂದು ಒಳಗೆ ಹೋದಳು.

ಎರಡು ದಿನ ಮಾಡಿದೆ. ಬೆರಳಿನ ಸಂದಿಯಲ್ಲಿ ಗಂಜಿ ಒಣಗಿ ಚಕ್ಕೆ ಎದ್ದು ಬರುತ್ತಿತ್ತು. ಸೀಗೆ ಹಾಕಿ ಉಜ್ಜಿದರೂ ವಾಸನೆ ಹೋಗುತ್ತಿರಲಿಲ್ಲ. ಅದೇ ಕೈಯಲ್ಲಿ ಊಟ ಮಾಡಲಾಗದೆ ಎರಡು ಹೊತ್ತು ಬರೀ ಮಜ್ಜಿಗೆ ಕುಡಿದೆ. ಮೂರನೇ ದಿನ, ಕೌದಿಯ ನಡುವಿನ ಪದರ ಜೋಡಿಸುವ ದಿನ, ನಿಂಗಮ್ಮ ಕಾಫಿ ಕುಡಿಯಲು ಹಿತ್ತಲಿಗೆ ಹೋದಾಗ ಕರಟವನ್ನು ಆಚೆ ಸರಿಸಿ ಒಂದು ಸಾಲಿನಿಂದ ಎಂಟು ಗುಂಡುಸೂಜಿ ಕಿತ್ತು ಎಂಟು ಕಡೆ ಚುಚ್ಚಿದೆ. ಆ ಸಾಲಿನಲ್ಲಿ ಎರಡು ಉಳಿದವು. ಹೊಲಿಗೆ ಹತ್ತಿರ ಬಂದ ಹಾಗೆ ಒಂದೊಂದಾಗಿ ಎಳೆದುಕೊಂಡರಾಯಿತು, ಅವಳಿಗೆ ಕಾಣುವುದೇ ಇಲ್ಲ ಎಂದುಕೊಂಡೆ. ಮುದುಕಿಯನ್ನು ಏಮಾರಿಸಿದೆನಲ್ಲ ಎಂದು ನಗುವೂ ಬಂತು.

ಅವಳು ಬಂದು ಕೂತು ಹತ್ತು ಹೊಲಿಗೆಯನ್ನೂ ಹಾಕಿರಲಿಲ್ಲ, ಒಳಗೆ ಅಕ್ಕ ಕೂಗಿದಳು. ಇನ್ನೂ ಹದಿನೈದು ದಿನವಿದೆ ಎಂದಿದ್ದರು, ನೀರು ಒಡೆದುಹೋಗಿತ್ತು. ಸೂಲಗಿತ್ತಿಗೆ ಹೇಳಿಕಳಿಸುವುದು, ಬಿಸಿನೀರು, ಹಳೆಬಟ್ಟೆ ಎಂದು ನಾನು ಒಳಗೆ ಹೊರಗೆ ಓಡಾಡಿದೆ. ಜಗಲಿಯ ನೆನಪೇ ನನಗೆ ಬರಲಿಲ್ಲ. ಕೂಸು ಬರುವ ಹೊತ್ತಿಗೆ ಕೌದಿ ಸಿದ್ಧವಿರಬೇಕೆಂದು ನಿಂಗಮ್ಮ ನನಗಾಗಿ ಕಾಯದೆ, ಬೀದಿಯ ಮಕ್ಕಳ ಕೈಲಿ ದಾರ ಪೋಣಿಸಿಕೊಂಡು, ಮೇಲಿನ ಸೀರೆಯನ್ನು ತಾನೇ ಹೊದಿಸಿ, ತಡವಿ ತಡವಿ ಹೊಲಿದಳು. ಎಂದೂ ಪಿನ್ ಚುಚ್ಚದ ಕೈ ಅದು, ಪಿನ್ ಹುಡುಕುವ ಅಭ್ಯಾಸ ಅದಕ್ಕೆ ಎಲ್ಲಿಂದ ಬರಬೇಕು? ಮಾರನೆಯ ದಿನ ಮಳೆಯಲ್ಲೇ ಹೊಳೆಗೆ ಒಯ್ದು ಒಗೆದು, ನಮ್ಮ ಬಚ್ಚಲು ಒಲೆಯ ಮುಂದೆ ಹರವಿ ಒಣಗಿಸಿಕೊಟ್ಟು ಹೋದಳು. ಹುಟ್ಟಿದ್ದು ಹೆಣ್ಣು ಕೂಸು, ಬಡಕಲು, ಆದರೆ ಗಂಟಲು ಜೋರು.

ಒಂಬತ್ತನೇ ದಿನ ಕಳೆಯಿತು. ಅಕ್ಕ ಆ ದಿನ ಕೂಸನ್ನು ಕೆಳಗಿಡಲೇ ಇಲ್ಲ. ಹತ್ತನೇ ದಿನ ಬೆಳಗ್ಗೆ ಅವಳು ನನ್ನನ್ನು ನೋಡಿ ನಕ್ಕಳು. ಸೂಜಿಗಳ ನೆನಪು ನನಗೆ ಆಗಲೂ ಬರಲಿಲ್ಲ. ಅರಕಲಗೂಡಿನ ಕೆಲಸದ ಅರ್ಜಿ ಬರೆಯುತ್ತಿದ್ದೆ.

ನಾಮಕರಣಕ್ಕೆ ಬಂದ ರಾಜಮ್ಮನವರು ಬಾಣಂತನ ನೋಡಿಕೊಳ್ಳಲು ಉಳಿದುಕೊಂಡರು. ಮೂರನೇ ವಾರದಲ್ಲಿ ಕೂಸು ಮಲಗಿಸಿದರೆ ಅಳತೊಡಗಿತು. ಎತ್ತಿಕೊಂಡರೆ ಸುಮ್ಮನಾಗುತ್ತಿತ್ತು. ಕೈ ರುಚಿ ಹತ್ತಿದೆ ಎಂದು ಅಮ್ಮ ಬೈದಳು. ಒಂದು ಮಧ್ಯಾಹ್ನ ಎಣ್ಣೆ ಹಚ್ಚುವಾಗ ಬೆನ್ನಿನ ಮೇಲೆ ಕೆಂಪಗೆ ಗೀರು ಕಂಡಿತು, ಎರಡು ದಿನದಲ್ಲಿ ಅದು ಗುಳ್ಳೆಯಾಗಿ ಕೀವು ಕಟ್ಟಿತು. ರಾಜಮ್ಮನವರು ಕೌದಿಯನ್ನು ಕೊಡವಿ ಅಂಗೈಯಿಂದ ಸವರಿದರು. ಕೈ ತಟ್ಟನೆ ನಿಂತಿತು. ಮೂಲೆಯ ಹೊಲಿಗೆ ಕಿತ್ತು ತುಕ್ಕು ಹಿಡಿದ ಗುಂಡುಸೂಜಿಯನ್ನು ಹೊರಗೆ ಎಳೆದರು. ಪಕ್ಕದಲ್ಲೇ ಇನ್ನೊಂದು, ಅದರಾಚೆ ಮತ್ತೊಂದು. ಪ್ರತಿಯೊಂದರ ಸುತ್ತ ಬಟ್ಟೆಯ ಮೇಲೆ ಕಂದು ಬಣ್ಣದ ಕಲೆ.

“ಇವು ತಾವಾಗಿ ಬಂದವಲ್ಲ,” ಅಂದರು ರಾಜಮ್ಮನವರು, ದನಿ ಏರಿಸದೆ. “ಮೂರು ಇದೆ. ಇದು ಮಾಟ.”

ಅವರು ಮತ್ತೆ ಆ ಕೌದಿಯನ್ನು ಮುಟ್ಟಲಿಲ್ಲ. ಅಕ್ಕ ಕೂಸನ್ನು ಎದೆಗವಚಿಕೊಂಡು ಗೋಡೆಗೆ ಒರಗಿದಳು. ನಾನು ಆ ಮೂರನ್ನು ನೋಡಿದ ಕ್ಷಣವೇ ಗುರುತಿಸಿದೆ. ಅಮ್ಮನೂ ಗುರುತಿಸಿದಳು. ನನ್ನ ಮುಖ ನೋಡಿದಳು, ಆಮೇಲೆ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

“ನಿನ್ನದೇನೇ?”

ಹೌದೆಂದು ತಲೆ ಆಡಿಸಿದೆ.

“ಬಾಯಿ ಬಿಟ್ಟೀಯ ಜೋಕೆ. ತವರಿನವರೇ ಮಗೂಗೆ ಸೂಜಿ ಇಟ್ಟರು ಅಂದರೆ ನಿನ್ನ ಅಕ್ಕ ಆ ಮನೇಲಿ ಬಾಳೋದು ಹೇಗೆ? ನಿನ್ನನ್ನು ಯಾರು ಕೇಳಿಕೊಂಡು ಬರ್ತಾರೆ?” ಅಂದಳು. ಆಮೇಲೆ ಮುಸುರೆ ಪಾತ್ರೆ ಮುಟ್ಟಿದ್ದ ಕೈಯನ್ನು ತೊಳೆದುಕೊಂಡಳು. ಅದು ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ, ಎರಡು ಸಲ ನೀರು ಹಾಕಿಕೊಂಡು ತೊಳೆದಳು.

ನಿಂಗಮ್ಮನನ್ನು ಕರೆಸಿದರು. ಅವಳು ಬಂದವಳೇ, “ಕೂಸಿಗೆ ಎಂಗದೆ ಅಮ್ನೋರೆ?” ಎಂದು ಕೇಳಿದಳು. ರಾಜಮ್ಮನವರು ಉತ್ತರ ಕೊಡದೆ ಮೂರು ಸೂಜಿಯನ್ನು ಜಗಲಿಯ ಮೇಲೆ ಹಾಕಿದರು. ಅವಳು ಬಗ್ಗಿ ಒಂದನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ತಡವಿದಳು.

“ಇದ್ನ ನಾ ಮಡಗಿಲ್ಲ ಕಣವ್ವ. ನಾನು ಇಂಥದ್ದ ಮುಟ್ಟಾಕಿಲ್ಲ.”

“ನೀನಲ್ಲದೆ ಹೊಲಿದವರು ಯಾರು? ಕರ್ಪೂರ ಆರಿಸಿ ಹೇಳು.”

ಬೀದಿಯಲ್ಲಿ ಏಳೆಂಟು ಹೆಂಗಸರು ಕೂಡಿದ್ದರು. ಅವರಲ್ಲಿ ಮೂವರ ಮಕ್ಕಳು ಅವಳ ಕೌದಿಯ ಮೇಲೆ ಬೆಳೆದವರು. ಜಗಲಿ ಕಲ್ಲಿನ ಮೇಲೆ ಕರ್ಪೂರ ಹಚ್ಚಿದರು. ಸಾಮಾನ್ಯವಾಗಿ ಪ್ರಮಾಣ ಮಾಡುವವರು ಅಂಗೈಯಿಂದ ತಟ್ಟಿ ಬೇಗ ಕೈ ತೆಗೆಯುತ್ತಾರೆ. ನಿಂಗಮ್ಮನಿಗೆ ಉರಿ ಎಲ್ಲಿದೆ ಎಂದು ನಿಖರವಾಗಿ ಕಾಣಲಿಲ್ಲ. ಅಂಗೈಯನ್ನು ಬಲವಾಗಿ ಊರಿ, “ಈ ಕೂಸಿಗೆ ನಾ ಕೇಡು ಬಗೆದಿದ್ರೆ ಈ ಕೈ ಸೇದೋಗ್ಲಿ,” ಎಂದು ಪೂರ್ತಿ ಹೇಳಿ ಮುಗಿಸುವವರೆಗೂ ಕೈ ತೆಗೆಯಲಿಲ್ಲ. ಸುಟ್ಟ ಚರ್ಮದ ವಾಸನೆ ಬಂತು. ನಾನು ಬಾಗಿಲ ಸಂದಿಯಲ್ಲಿ ನಿಂತು ಮೂಗಿಗೆ ಸೆರಗು ಒತ್ತಿಕೊಂಡೆ. ಇದನ್ನು ಬರೆಯುವಾಗ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನ್ನಿಸುತ್ತದೆ. ಆ ಹೊತ್ತಿನಲ್ಲೂ ನಾನು ಮಾಡಿದ್ದು ಮೂಗು ಮುಚ್ಚಿಕೊಳ್ಳುವ ಕೆಲಸ.

ಮಾರನೇ ದಿನ ಅವಳ ಅಂಗೈ ತುಂಬ ಬೊಬ್ಬೆ ಎದ್ದಿತ್ತು. “ಸತ್ಯವಂತಳ ಕೈಗೆ ಬೊಬ್ಬೆ ಬರುತ್ತಾ?” ಎಂದರು ರಾಜಮ್ಮನವರು. ಆ ಮಾತು ಬೀದಿ ಬೀದಿ ಸುತ್ತಿತು. ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ಎರಡು ಮನೆಯವರು ವಾಪಸು ತೆಗೆದುಕೊಂಡರು. ಅವಳು ನಡೆದು ಬಂದರೆ ಬಸುರಿಯರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಕೌದಿಯನ್ನು ಸುಟ್ಟರೆ ಹೊಗೆ ಮನೆಗೇ ಬರುತ್ತದೆ, ಹೊಳೆಗೆ ಬಿಟ್ಟರೆ ಬಾಣಂತಿಗೆ ಆಗದು, ದಾನ ಕೊಟ್ಟರೆ ದೋಷ ತೆಗೆದುಕೊಂಡವರ ಜೊತೆ ಹೋಗುತ್ತದೆ ಎಂದು ಲೆಕ್ಕ ಹಾಕಿದ ರಾಜಮ್ಮನವರು, ರಸ್ತೆಗೆ ಜಲ್ಲಿ ಒಡೆಯಲು ಬೇರೆ ಊರಿನಿಂದ ಬಂದಿದ್ದ ಲಕ್ಕಮ್ಮ ಎಂಬವಳು ಹಿತ್ತಲ ಬಾಗಿಲಿಗೆ ಮಜ್ಜಿಗೆ ಕೇಳಲು ಬಂದಾಗ ಅದನ್ನು ತೋರಿಸಿ ತೆಗೆದುಕೊಂಡು ಹೋಗು ಎಂದರು. ಅವಳ ಕಂಕುಳಲ್ಲಿ ನಾಲ್ಕು ತಿಂಗಳ ಕೂಸಿತ್ತು. ಅವಳು ಎರಡು ಸಲ ಕೈಮುಗಿದು ಹೋದಳು. ನಾನು ನೋಡುತ್ತಾ ನಿಂತಿದ್ದೆ. ನನಗೆ ಏನೂ ಹೊಳೆಯಲಿಲ್ಲ.

ನಮ್ಮ ಕೂಸಿನ ಗುಳ್ಳೆಯನ್ನು ಡಾಕ್ಟರು ಒಡೆದು ಕೀವು ತೆಗೆದರು, ವಾರದಲ್ಲಿ ಮಾಯಿತು. ಇನ್ನು ಭಯವಿಲ್ಲ ಎಂದು ಗೊತ್ತಾದ ಮೇಲೆ ನನಗೆ ಧೈರ್ಯ ಬಂತು. ಎಂಥ ಧೈರ್ಯ ನೋಡಿ. ರಾಜಮ್ಮನವರು ಬತ್ತಿ ಹೊಸೆಯುತ್ತಾ ಕೂತಿದ್ದಾಗ ಹೋಗಿ, “ಆ ಸೂಜಿ ನಾನು ಚುಚ್ಚಿದ್ದು. ಗಂಜಿ ಅಸಹ್ಯ ಅಂತ ಚುಚ್ಚಿದೆ. ತೆಗೆಯೋದು ಮರೆತೆ,” ಅಂದೆ.

ಅವರು ನನ್ನನ್ನೇ ನೋಡಿದರು. ಕಣ್ಣಲ್ಲಿ ನೀರು ತುಂಬಿಕೊಂಡರು. ನನ್ನ ಗಲ್ಲ ಸವರಿದರು.

“ಎಷ್ಟು ಮೃದು ಮನಸ್ಸಮ್ಮ ನಿಂದು. ಆ ಮುದುಕಿ ಮೇಲಿನ ಕನಿಕರಕ್ಕೆ ತಪ್ಪು ನಿನ್ನ ತಲೆ ಮೇಲೆ ಎಳಕೊಳ್ತೀಯಲ್ಲ.”

“ಇಲ್ಲ, ನಿಜ. ಪಿನ್ನಿನ ಕಾಗದ ತೋರಿಸ್ತೀನಿ.”

“ಯಾವ ಅಂಗಡೀಲಿ ಸಿಗಲ್ಲ ಪಿನ್ನು? ಅವಳೇ ಹೇಳಿಕೊಟ್ಟು ಕಳಿಸಿರಬೇಕು. ನಿನ್ನಂಥ ಎಳೇ ಮನಸ್ಸನ್ನ ಕಟ್ಟಿಹಾಕೋದು ಅವಳಿಗೆ ಕಷ್ಟವಾ?”

ಅಮ್ಮನ ಕಡೆ ತಿರುಗಿದೆ. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಾ ತಲೆ ಎತ್ತಲಿಲ್ಲ. ರಾಜಮ್ಮನವರು ಸಂಜೆಯೊಳಗೆ ಇದನ್ನು ಬೀದಿಗೆಲ್ಲ ಹೇಳಿದರು. ದೇವಸ್ಥಾನದಲ್ಲಿ ಹೆಂಗಸರು ನನ್ನನ್ನು ಮೆಚ್ಚುಗೆಯಿಂದ ನೋಡಿದರು, ಒಬ್ಬರು ಹೂವು ಮುಡಿಸಿದರು. ನಾಲ್ಕೇ ದಿನಕ್ಕೆ ರಾಜಮ್ಮನವರು ತಮ್ಮ ಅಣ್ಣನ ಮಗನಿಗೆ ನನ್ನನ್ನು ಕೇಳಿದರು, ಇಂಥ ಗುಣದ ಹುಡುಗಿ ಎಲ್ಲಿ ಸಿಗುತ್ತಾಳೆ ಎಂದು. ಅಮ್ಮ ಸಂತೋಷದಿಂದ ಕೇಸರಿಬಾತು ಮಾಡಿದಳು. ನಾನು ಒಂದು ತುತ್ತು ಬಾಯಿಗಿಟ್ಟು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಕೆನೆ, ಎಂಜಲು, ಹಳಸಿದ ಗಂಜಿ ಯಾವುದೂ ನನಗೆ ಅಷ್ಟು ಅಸಹ್ಯ ತಂದಿರಲಿಲ್ಲ. ಆ ಸಿಹಿ ತಂದಿತು.

ಬಾಯಿ ತೊಳೆದುಕೊಂಡು ಹಾಗೇ ಹೊಳೆಯ ಓಣಿಗೆ ಹೋದೆ. ನಿಂಗಮ್ಮ ಪಾತ್ರೆ ಪಡಗ ಗಂಟು ಕಟ್ಟುತ್ತಿದ್ದಳು, ಎಡಗೈಯಿಂದ ಮತ್ತು ಹಲ್ಲಿನಿಂದ. ಬಲಗೈಗೆ ಬಟ್ಟೆ ಸುತ್ತಿತ್ತು. ಮಾರನೇ ದಿನದ ಬಸ್ಸಿಗೆ ಮೊಸಳೆ ಊರಿನ ಮಗಳ ಮನೆಗೆ ಹೊರಟಿದ್ದಳು.

“ಯಾಕ್ ಬಂದೆ ಅಮ್ಮಣ್ಣಿ? ಯಾರಾರ ನೋಡ್ಯಾರು, ಓಗು,” ಅಂದಳು.

ನಾನು ಹೇಳಿದೆ. ರಾಜಮ್ಮನವರಿಗೆ ಹೇಳಿದ ಮಾತನ್ನೇ, ಅದೇ ಕ್ರಮದಲ್ಲಿ. ಅವಳು ಗಂಟು ಕಟ್ಟುವುದನ್ನು ನಿಲ್ಲಿಸಿದಳು. ಬೈಯಲಿ, ಹೊಡೆಯಲಿ, ಅಥವಾ ಹೋಗಲಿ ಬಿಡು ಎನ್ನಲಿ ಎಂದು ಕಾಯುತ್ತಿದ್ದೆ.

“ಬ್ಯಾಡ ಅಂದ್ಮ್ಯಾಲೆ ನೀ ಚುಚ್ಚಿರಾಕಿಲ್ಲ, ನನ್ನ ಕೈಯೇ ಕೆಟ್ಟೋಯ್ತೇನೋ ಅಂದ್ಕಂಡಿದ್ದೆ ಕಣವ್ವ,” ಎಂದಳು ಕೊನೆಗೆ. “ಕಣ್ಣು ಓದಂಗೆ ಕೈಯೂ ಓಯ್ತೇನೋ ಅಂತ.” ಆಮೇಲೆ ತಲೆ ಎತ್ತಿ, “ಎಷ್ಟ ಚುಚ್ಚಿದ್ದೆ?” ಎಂದು ಕೇಳಿದಳು.

“ಎಂಟು.”

“ಅವ್ರಿಗೆ ಸಿಕ್ಕಿದ್ದು ಮೂರು.”

ಅವಳು ಎದ್ದು ನಿಂತಿದ್ದಳು. “ಆ ಕೌದಿ ಈಗ ಎಲ್ಲದೆ?”

ಸಿಕ್ಕಿಬೀಳುವ ಭಯ, ತಪ್ಪೊಪ್ಪಿಕೊಳ್ಳುವ ಧೈರ್ಯ, ಹೊಗಳಿಸಿಕೊಂಡ ಅಸಹ್ಯ, ಇಷ್ಟರಲ್ಲೇ ನಾನು ಮುಳುಗಿದ್ದೆ. ಉಳಿದ ಐದು ಸೂಜಿಯ ಯೋಚನೆ ಒಂದು ಸಲವೂ ಬಂದಿರಲಿಲ್ಲ. ಲಕ್ಕಮ್ಮನ ಹೆಸರು ಹೇಳಿದೆ. ನಿಂಗಮ್ಮ ಗಂಟನ್ನು ಅಲ್ಲೇ ಬಿಟ್ಟು, ಬಾಗಿಲನ್ನೂ ಎಳೆದುಕೊಳ್ಳದೆ ಹೊರಟಳು. ಅವಳಿಗೆ ದಾರಿ ಸರಿಯಾಗಿ ಕಾಣದು, ಆದರೂ ಅವಳ ಹಿಂದೆ ಹೋಗಲು ನಾನು ಓಡಬೇಕಾಯಿತು.

ಊರಾಚೆ ಅರಕಲಗೂಡಿನ ರಸ್ತೆಯ ಪಕ್ಕ ಜಲ್ಲಿಯ ಗುಡ್ಡೆಗಳು. ತುಂತುರು ಬೀಳುತ್ತಿತ್ತು. ಗೋಣಿಚೀಲ ಕಟ್ಟಿದ ಮರೆಯಲ್ಲಿ ಲಕ್ಕಮ್ಮನ ಕೂಸು ಮಲಗಿತ್ತು, ನಾಲ್ಕು ಮಡಿಕೆ ಮಾಡಿದ ಆ ಕೌದಿಯ ಮೇಲೆ. ಅದರ ತೋಳಿನ ಹಿಂದೆ ಗೀರು ಇತ್ತು, ಎರಡು ಕಡೆ.

“ಕೂಸ ಎತ್ಕೊ,” ಎಂದಳು ನಿಂಗಮ್ಮ.

ಲಕ್ಕಮ್ಮ ಸುತ್ತಿಗೆ ಬಿಟ್ಟು ಓಡಿಬಂದು ಎತ್ತಿಕೊಂಡಳು. ನಿಂಗಮ್ಮ ಕೆಸರಲ್ಲೇ ಕೂತು, ತಾನೇ ಹಾಕಿದ ಹೊಲಿಗೆಗೆ ಹಲ್ಲು ಹಾಕಿ ಕಚ್ಚಿ ಹರಿದಳು. ಇನ್ನೊಂದು ಕಡೆಯ ಅಂಚನ್ನು ನನ್ನ ಕಡೆ ನೂಕಿದಳು. ನಾನೂ ಕೂತೆ. ಏಳು ಮನೆಯ ಸೀರೆಗಳ ವಾಸನೆ, ಮೂತ್ರದ ವಾಸನೆ, ಅವಳ ಕೈಬಟ್ಟೆಯಿಂದ ಕೀವಿನ ವಾಸನೆ. ನಾನೂ ಹಲ್ಲು ಹಾಕಿದೆ. ಒಂದು ಸಿಕ್ಕಿತು. ಎರಡು. ತುಕ್ಕು ಹಿಡಿದು ನೂಲಿಗೆ ಕಚ್ಚಿಕೊಂಡಿದ್ದವು, ಎಳೆದರೆ ಬಟ್ಟೆಯೂ ಬರುತ್ತಿತ್ತು. ಮೂರು, ನಾಲ್ಕು. ಐದನೆಯದಕ್ಕೆ ಪೂರ್ತಿ ಕೌದಿಯನ್ನು ಬಿಚ್ಚಬೇಕಾಯಿತು.

ಲಕ್ಕಮ್ಮ ಮೊದಲು ತನ್ನ ಕೂಸಿನ ತೋಳು ನೋಡಿದಳು. ಆಮೇಲೆ ಕಲ್ಲಿನ ಮೇಲಿಟ್ಟ ಐದು ಸೂಜಿ ನೋಡಿದಳು.

“ಯಾರವ್ವ ಇವ್ನ ಮಡಗಿದೋರು?”

ನಿಂಗಮ್ಮ ಹೇಳುತ್ತಾಳೆ ಎಂದುಕೊಂಡೆ. ಅವಳು ತಲೆ ಎತ್ತಲಿಲ್ಲ. ಇನ್ನೂ ಏನಾದರೂ ಉಳಿದಿದೆಯೇ ಎಂದು ತುಂಡು ತುಂಡನ್ನೂ ಎಡಗೈಯಿಂದ ತಡವುತ್ತಿದ್ದಳು.

“ನಾನು,” ಅಂದೆ. “ನಾನೇ ಚುಚ್ಚಿದ್ದು. ತೆಗೆಯೋದು ಮರೆತೆ. ಗೊತ್ತಾದ ಮೇಲೂ ಹೇಳ್ಲಿಲ್ಲ. ಈಯಮ್ಮನ ಮೇಲೆ ಬಿತ್ತು.”

ಲಕ್ಕಮ್ಮ ಯಾಕೆ ಎಂದು ಕೇಳಲಿಲ್ಲ. ನಿಜವೇ ಎಂದೂ ಕೇಳಲಿಲ್ಲ. ಕೂಸನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ನನ್ನ ಮೇಲೆ ಉಗಿದಳು. ಎಲೆಯಡಿಕೆಯ ಕೆಂಪು ಎಂಜಲು ನನ್ನ ಪಾದದ ಮೇಲೆ ಬಿದ್ದು ಬೆರಳ ಸಂದಿಗೆ ಇಳಿಯಿತು. ಆ ಮಳೆಗಾಲದಲ್ಲಿ ನಮ್ಮ ಬೀದಿಯವರು ಒಬ್ಬರೂ ನಂಬದ ನನ್ನ ಮಾತನ್ನು ಬೇರೆ ಊರಿನ ಆ ಹೆಂಗಸು ಕೇಳಿದ ಕೂಡಲೇ ನಂಬಿದ್ದಳು. ನಾನು ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಪಕ್ಕದಲ್ಲಿ ನಿಂಗಮ್ಮ ಕೊನೆಯ ತುಂಡನ್ನು ತಡವಿ, ಕೊಡವಿ, ಮತ್ತೆ ತಡವುತ್ತಿದ್ದಳು.